ಟ್ರ್ಯಾಕಿಗೆಂದೇ ಕಟ್ಟಿದ ಕಾರಿಗೆ ದೀಪ: ಹಿಂದಿನಿಂದ ಶುರು ಮಾಡಿ

ಶೆಡ್ಡಿನಲ್ಲಿ ಸ್ವಂತವಾಗಿ ಕಾರು ಕಟ್ಟುವವರು ಎಂಜಿನ್ನು, ಸಸ್ಪೆನ್ಷನ್ನು, ಬ್ರೇಕು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ದೀಪದ ವಿಷಯವನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ. ಆಗ ಕಣ್ಣಿಗೆ ಚೆಂದ ಕಂಡ ಒಂದು ಜೋಡಿ ಹೆಡ್‌ಲೈಟಿಗೆ ಹಣ ಸುರಿಯುತ್ತಾರೆ, ಹಿಂದಕ್ಕೆ ಯಾವುದೋ ಬೈಕಿನ ಟೈಲ್ ಲ್ಯಾಂಪ್ ತಗುಲಿಸಿ ಕೆಲಸ ಮುಗಿಸುತ್ತಾರೆ. ಟ್ರ್ಯಾಕಿನಲ್ಲಿ ಮಾತ್ರ ಓಡುವ ಕಾರಿನ ಲೆಕ್ಕ ಇದಕ್ಕೆ ತೀರಾ ಉಲ್ಟಾ. ಹಗಲು ಹೊತ್ತಿನಲ್ಲಿ ಓಡುವ ಕಾರಿಗೆ ದಾರಿ ತೋರಿಸುವ ಬೆಳಕು ಬೇಕಿಲ್ಲ. ನೀವು ಬ್ರೇಕ್ ಒತ್ತಿದ್ದು ಹಿಂದೆ ಬರುವವರಿಗೆ ತಕ್ಷಣ ಗೊತ್ತಾಗಬೇಕು, ಮಳೆಯ ಮಬ್ಬಿನಲ್ಲಿ ನೀವು ಮುಂದಿದ್ದೀರಿ ಎಂಬುದು ಕಾಣಬೇಕು. ದೀಪಕ್ಕೆಂದು ಎತ್ತಿಟ್ಟ ದುಡ್ಡಿನ ಮುಕ್ಕಾಲು ಪಾಲು ಕಾರಿನ ಹಿಂಭಾಗಕ್ಕೇ ಹೋಗಲಿ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ಬೆಂಗಳೂರು, ಮೈಸೂರು ಕಡೆಯ ಶೆಡ್ಡುಗಳಲ್ಲಿ ಹುಟ್ಟುವಂಥ ಕಾರು: ಉಕ್ಕಿನ ಪೈಪಿನ ಫ್ರೇಮು, ಫೈಬರ್ ಬಾಡಿ, ಮಾರುತಿ ಎಂಜಿನ್ನು, ಎರಡು ಸೀಟು. ಓಡುವುದು ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿರುವ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ, ಇಲ್ಲವೇ ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ 2.1 ಕಿ.ಮೀ. ಉದ್ದದ ಕರಿ ಮೋಟರ್ ಸ್ಪೀಡ್‌ವೇಯಲ್ಲಿ. ನೋಂದಣಿ ಇಲ್ಲದ ಗಾಡಿಯನ್ನು ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಇಂಡಿಕೇಟರು, ಹಾರನ್ನು, ನಂಬರ್ ಪ್ಲೇಟಿನ ದೀಪ ಎಲ್ಲ ಹಾಕಿದ ಮಾತ್ರಕ್ಕೆ ಈ ಮಾತು ಬದಲಾಗುವುದಿಲ್ಲ. ಪಕ್ಕದ ಬಂಕಿಗೂ ಕಾರು ಟ್ರೈಲರಿನ ಮೇಲೇ ಹೋಗಬೇಕು. ಆದ್ದರಿಂದ ರಸ್ತೆಯ ನಿಯಮಕ್ಕೆಂದು ಕೊಳ್ಳುವ ದೀಪಗಳನ್ನೆಲ್ಲ ಪಟ್ಟಿಯಿಂದ ಧೈರ್ಯವಾಗಿ ಹೊಡೆದುಹಾಕಿ.

ಕೊಳ್ಳುವ ಮೊದಲು ಕೇಳಿ

ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ) ನಡೆಸುವವರ ನಿಯಮಗಳು ಒಬ್ಬೊಬ್ಬರದು ಒಂದೊಂದು ಥರ. ಅಂಗಡಿಗೆ ಹೋಗುವ ಮೊದಲು ಆಯೋಜಕರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ಎಷ್ಟು ಬ್ರೇಕ್ ಲೈಟ್ ಉರಿಯುತ್ತಿರಬೇಕು, ಮಳೆ ಬಂದರೆ ಹಿಂದೆ ಕೆಂಪು ರೈನ್ ಲೈಟ್ (ಮಳೆಯಲ್ಲಿ ಕಾರು ಕಾಣಲೆಂದು ಉರಿಸುವ ಪ್ರಖರ ದೀಪ) ಕಡ್ಡಾಯವೇ, ಮುಂದಿನ ದೀಪ ಉರಿಸಿಕೊಂಡೇ ಓಡಿಸಬೇಕೇ, ಓವರ್‌ಟೇಕಿಗೆ ದಾರಿ ಬಿಡುವುದನ್ನು ಕೈಯಲ್ಲಿ ತೋರಿಸಬೇಕೋ ಇಂಡಿಕೇಟರಿನಲ್ಲೋ. ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಂಡರೆ ಸ್ಕ್ರೂಟಿನಿಯಲ್ಲಿ (ಟ್ರ್ಯಾಕಿಗಿಳಿಯುವ ಮುನ್ನ ನಡೆಯುವ ಕಾರಿನ ತಪಾಸಣೆ) ವಾದ ಮಾಡುವ ಪ್ರಮೇಯ ಬರುವುದಿಲ್ಲ. ಮುಂದೆ ಅದೇ ಕಾರನ್ನು ರೇಸಿಗೂ ಇಳಿಸುವ ಆಸೆ ಇದ್ದರೆ ಆ ಕ್ಲಾಸಿನ ನಿಯಮ ಪುಸ್ತಕವನ್ನು ಈಗಲೇ ಓದಿ. ಅಲ್ಲಿ ರೈನ್ ಲೈಟು ಎಫ್‌ಐಎ (ಜಾಗತಿಕ ಮೋಟರ್ ರೇಸಿಂಗ್ ಸಂಸ್ಥೆ) ಒಪ್ಪಿಗೆ ಪಡೆದದ್ದೇ ಆಗಿರಬೇಕು ಎಂದಿದ್ದರೆ ಬೆಲೆ ಹಲವು ಪಟ್ಟು ಏರುತ್ತದೆ, ಎರಡು ಸಲ ಕೊಳ್ಳುವುದು ದಂಡ.

ನಿಯಮ ಏನೇ ಇರಲಿ, ಕಾರಿನಲ್ಲಿ ಇರಲೇಬೇಕಾದದ್ದು ಎರಡು ಬ್ರೇಕ್ ಲೈಟು ಮತ್ತು ನಡುವೆ ಒಂದು ರೈನ್ ಲೈಟು. ಇಂಡಿಕೇಟರ್ ಇದ್ದರೆ ಒಳ್ಳೆಯದು. ಹೆಡ್‌ಲೈಟು ನಿಮ್ಮ ಇಷ್ಟ. ಪಾರ್ಕಿಂಗ್ ದೀಪ, ರಿವರ್ಸ್ ದೀಪ ಬೇಡ.

ಬ್ರೇಕ್ ಲೈಟು: ಬಲ್ಬೋ ಎಲ್‌ಇಡಿಯೋ

ಎಲ್‌ಇಡಿ. ಕಾರಣ ಮಿಂಚಿನ ನೋಟ ಅಲ್ಲ, ಸಮಯ. ಮಾಮೂಲಿ ಬಲ್ಬಿನ ತಂತಿ ಕಾದು ಪೂರ್ತಿ ಬೆಳಕು ಕೊಡಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಎಲ್‌ಇಡಿ ಒತ್ತಿದ ಕೂಡಲೇ ಉರಿಯುತ್ತದೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ 0.2 ಸೆಕೆಂಡು ಎಂದರೆ 8 ಮೀಟರಿಗೂ ಹೆಚ್ಚು, ಅಂದರೆ ಎರಡು ಕಾರಿನ ಉದ್ದ. ಅಷ್ಟು ದೂರದ ಸುಳಿವನ್ನು ಹಿಂದಿನವರಿಗೆ ಪುಕ್ಕಟೆಯಾಗಿ ಕೊಟ್ಟಂತಾಯಿತು. ಗಟ್ಟಿ ಸ್ಪ್ರಿಂಗಿನ ಮೇಲೆ ಕುಣಿಯುವ ಕಾರಿನಲ್ಲಿ ಬಲ್ಬಿನ ತಂತಿ ಬೇಗ ತುಂಡಾಗುತ್ತದೆ ಎಂಬುದೂ ಇನ್ನೊಂದು ಕಾರಣ.

ಕೈಯಲ್ಲಿ ಒಳ್ಳೆಯ ಹಳೆಯ ಟೈಲ್ ಲ್ಯಾಂಪ್ ಇದೆ, ಬಲ್ಬಿನಲ್ಲೇ ನಡೆಸುತ್ತೇನೆ ಎನ್ನುವವರು ಕನಿಷ್ಠ 21 ವ್ಯಾಟ್ ಬ್ರೇಕ್ ಬಲ್ಬನ್ನೇ ಹಾಕಿ. ಕೆಲವು ಹಳೆಯ ಬೈಕುಗಳ ದೀಪದಲ್ಲಿರುವ 10 ವ್ಯಾಟಿನ ಬಲ್ಬು ಮಧ್ಯಾಹ್ನದ ಬಿಸಿಲಲ್ಲಿ ಉರಿಯುತ್ತಿದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಎರಡು ತಂತಿಯ 21/5 ವ್ಯಾಟ್ ಬಲ್ಬಿನ ಬುಡದ ಎರಡು ಮೊಳೆಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ, ಒಂದೇ ಬಗೆಯಲ್ಲಿ ಕೂರಲಿ ಎಂದು. ಹೋಲ್ಡರ್ ಸವೆದಿದ್ದರೆ ಅದು ತಿರುಗುಮುರುಗಾಗಿಯೂ ಕೂತುಬಿಡುತ್ತದೆ. ಆಗ ಬ್ರೇಕ್ ಒತ್ತಿದಾಗ 5 ವ್ಯಾಟಿನ ಮಂಕು ಬೆಳಕು ಬರುತ್ತದೆ, ನೀವು ವೈರಿಂಗಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ.

ಎಲ್‌ಇಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಾಲು ಸಿಗುವುದು ಕಾರ್ ಆಕ್ಸೆಸರಿ ಅಂಗಡಿಯಲ್ಲಲ್ಲ, ಲಾರಿ ಮತ್ತು ಟ್ರೈಲರ್ ಬಿಡಿಭಾಗಗಳ ಅಂಗಡಿಯಲ್ಲಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಸುಮಾರು 4 ಇಂಚು ಅಗಲದ, ರಬ್ಬರ್ ಗ್ರಾಮೆಟ್ಟಿನಲ್ಲಿ (ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ) ಕೂರುವ ದುಂಡು ದೀಪ ಕೇಳಿ. ರಬ್ಬರು ನಡುಕವನ್ನು ನುಂಗುತ್ತದೆ, ದೀಪ ಹಾಳಾದರೆ ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಕಿತ್ತು ಬೇರೆಯದನ್ನು ತುರುಕಬಹುದು. ಕೊಳ್ಳುವಾಗ ಹಿಂಬದಿಯನ್ನು ತಿರುಗಿಸಿ ನೋಡಿ. 10ರಿಂದ 30 ವೋಲ್ಟ್ ಎಂದಿದ್ದರೆ ತೆಗೆದುಕೊಳ್ಳಿ. ಅದು 24 ವೋಲ್ಟಿನ ಲಾರಿಗೂ ಸಲ್ಲುವ ದೀಪವಾದ್ದರಿಂದ ಆಲ್ಟರ್ನೇಟರಿನ ಏರಿಳಿತಕ್ಕೆ ಸುಲಭವಾಗಿ ಸುಡುವುದಿಲ್ಲ. ಹಿಂಬದಿ ಪೂರ್ತಿ ಗಟ್ಟಿ ಅಂಟು ಸುರಿದು ಮುಚ್ಚಿರಬೇಕು. ಮುಚ್ಚಳ ಬಿಚ್ಚಿದರೆ ಬೋರ್ಡು ಕಾಣುವಂಥದ್ದು ಮೊದಲ ಮಳೆಗೇ ನೀರು ಕುಡಿಯುತ್ತದೆ.

ಲೆನ್ಸಿನ ಮೇಲಿನ ಗುರುತುಗಳನ್ನು ಓದುವುದು ಕಲಿತರೆ ಅಂಗಡಿಯವರ ಮಾತನ್ನು ನಂಬಬೇಕಾಗಿಲ್ಲ. ವೃತ್ತದೊಳಗೆ ಇಂಗ್ಲಿಷ್ ಇ ಅಕ್ಷರ, ಪಕ್ಕದಲ್ಲೊಂದು ಅಂಕಿ ಇದ್ದರೆ ಅದು ಯುರೋಪಿನ ಮಾನಕಕ್ಕೆ ಪರೀಕ್ಷೆಯಾದ ದೀಪ. ಜೊತೆಗಿರುವ ಎಸ್1 ಎಂದರೆ ಬ್ರೇಕ್ ಲೈಟು, ಆರ್ ಎಂದರೆ ಟೈಲ್, ಎಫ್ ಎಂದರೆ ಹಿಂದಿನ ಫಾಗ್, 2ಎ ಎಂದರೆ ಹಿಂದಿನ ಇಂಡಿಕೇಟರ್. ಈ ಮಾನಕದಲ್ಲಿ ಟೈಲ್ ಲೈಟು ಕನಿಷ್ಠ 4 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಇದ್ದರೆ ಸಾಕು, ಬ್ರೇಕ್ ಲೈಟಿಗೆ 60 ಬೇಕು, ಹಿಂದಿನ ಫಾಗಿಗೆ 150. ಬರೇ ಆರ್ ಗುರುತಿನ ದೀಪವನ್ನು ಬ್ರೇಕ್ ಲೈಟಾಗಿ ಬಳಸಿದರೆ ಹಗಲಲ್ಲಿ ಯಾಕೆ ಕಾಣುವುದಿಲ್ಲ ಎಂಬುದು ಈ ಅಂಕಿಗಳಲ್ಲೇ ಇದೆ.

ಗುರುತಿಲ್ಲದ ದೀಪವಾದರೆ ಅಂಗಡಿಯ ಬ್ಯಾಟರಿಗೆ ಹಿಡಿದು ಬಿಸಿಲಿಗೆ ತನ್ನಿ. ನೇರ ಎದುರಿಗೆ ನಿಂತು ನೋಡಿದರೆ ಎಲ್ಲ ಎಲ್‌ಇಡಿಯೂ ಕಣ್ಣು ಕುಕ್ಕುತ್ತದೆ. ಪಕ್ಕಕ್ಕೆ ಸರಿಯುತ್ತಾ 45 ಡಿಗ್ರಿಗೆ ಬನ್ನಿ. ಅಲ್ಲಿ ಬೆಳಕು ಸತ್ತುಹೋದರೆ ಅದರ ಲೆನ್ಸು ಬೆಳಕನ್ನು ಕಿರಿದಾದ ಕೋನದಲ್ಲಿ ಎಸೆಯುತ್ತಿದೆ. ತಿರುವಿನೊಳಗೆ ಕಾರು ಓರೆಯಾಗಿರುವಾಗ, ಅಂದರೆ ಬ್ರೇಕ್ ಲೈಟು ತೀರಾ ಬೇಕಾದ ಹೊತ್ತಿನಲ್ಲೇ, ಆ ದೀಪ ಯಾರಿಗೂ ಕಾಣದು. ಕೆಂಪು ಲೆನ್ಸಿನ ಹಿಂದೆ ಬಿಳಿ ಎಲ್‌ಇಡಿ ಬಲ್ಬು ತುರುಕುವ ಜುಗಾಡೂ ಹೀಗೆಯೇ ಕೈಕೊಡುತ್ತದೆ: ಬಿಳಿ ಬೆಳಕಿನ ಬಹುಪಾಲನ್ನು ಲೆನ್ಸೇ ನುಂಗಿಬಿಡುತ್ತದೆ. ಕೆಂಪು ಲೆನ್ಸಿಗೆ ಕೆಂಪು ಎಲ್‌ಇಡಿಯೇ ಸರಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಒಪ್ಪುವುದಿಲ್ಲ. ಲಾರಿಯ ದೀಪದಿಂದ ಮೂರು ವೈರು ಹೊರಬರುತ್ತವೆ: ಟೈಲ್, ಬ್ರೇಕ್, ಅರ್ಥ್. ಟೈಲ್ ವೈರಿಗೆ ಏನನ್ನೂ ಕೊಡಬೇಡಿ, ತುದಿಗೆ ಸ್ಲೀವ್ ಹಾಕಿ ಮಡಚಿ ಕಟ್ಟಿಬಿಡಿ. ಟೈಲ್ ಸದಾ ಉರಿಯುತ್ತಿದ್ದರೆ ಬ್ರೇಕ್ ಒತ್ತಿದಾಗ ಮಂದದಿಂದ ಪ್ರಖರಕ್ಕೆ ಮಾತ್ರ ಬದಲಾಗುತ್ತದೆ. ಇಲ್ಲದಿದ್ದರೆ ಕತ್ತಲಿಂದ ನೇರ ಬೆಳಕು. ಯಾವುದು ಬೇಗ ಕಣ್ಣಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲಿ ಕೂರಿಸಬೇಕು

ಎರಡು ಬ್ರೇಕ್ ಲೈಟುಗಳ ನಡುವೆ ಆದಷ್ಟು ಅಂತರವಿರಲಿ, ಬಾಡಿಯ ಎರಡು ಅಂಚುಗಳಿಗೆ ತಳ್ಳಿ. ಹತ್ತಿರ ಹತ್ತಿರ ಇರುವ ಎರಡು ದೀಪ ನೋಡುವ ಕಣ್ಣಿಗೆ ಕಾರು ಇರುವುದಕ್ಕಿಂತ ದೂರದಲ್ಲಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಎತ್ತರ ಕನಿಷ್ಠ 350 ಮಿ.ಮೀ. ಎಂಬುದು ರಸ್ತೆ ಕಾರುಗಳ ಅಳತೆ. ತಗ್ಗಾದ ಟ್ರ್ಯಾಕ್ ಕಾರಿನಲ್ಲಿ ಅದಕ್ಕಿಂತ ಮೇಲೇ ಇರಲಿ, ಏಕೆಂದರೆ ಟ್ರ್ಯಾಕ್ ಡೇಯಲ್ಲಿ ನಿಮ್ಮ ಹಿಂದೆ ಬರುವುದು ಬಹುಪಾಲು ಪೋಲೋ, ಸ್ವಿಫ್ಟ್‌ನಂಥ ಎತ್ತರದ ಕಾರುಗಳು. ಬಾನೆಟ್ಟಿಗೆ ಅಂಟಿಕೊಂಡಂತೆ ನೀವು ಮುಂದಿದ್ದರೆ ನಿಮ್ಮ ದೀಪ ಅವರ ಬಾನೆಟ್ಟಿನ ಕೆಳಗೇ ಉಳಿಯುತ್ತದೆ. ಇದಕ್ಕೆ ಮೂರನೇ ಬ್ರೇಕ್ ಲೈಟೊಂದನ್ನು ರೋಲ್ ಬಾರಿನ (ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಕಮಾನು) ಎತ್ತರಕ್ಕೆ ಹಾಕುವುದು ಅಗ್ಗದ ಪರಿಹಾರ. ಆದರೆ ರೋಲ್ ಬಾರಿಗೆ ಡ್ರಿಲ್ ಹಾಕಬೇಡಿ. ಒಂದು 5 ಮಿ.ಮೀ. ತೂತು ಸಾಕು ಪೈಪಿನ ಬಲ ಕುಗ್ಗಲು, ಸ್ಕ್ರೂಟಿನಿಯಲ್ಲಿ ಕಾರು ವಾಪಸ್ ಹೋಗಲು. ಪೈಪಿನ ಅಳತೆಯ ಎರಡು ತುಂಡಿನ ಕ್ಲಾಂಪ್ ಬಳಸಿ.

ಬಿಸಿಲು ದೊಡ್ಡ ಶತ್ರು. ಸಂಜೆ ನಾಲ್ಕರ ಇಳಿಬಿಸಿಲು ನೇರ ಕೆಂಪು ಲೆನ್ಸಿಗೆ ಬಡಿದರೆ ಆರಿದ ದೀಪವೂ ಉರಿದಂತೆ ಹೊಳೆಯುತ್ತದೆ, ಉರಿದ ದೀಪ ಆರಿದಂತೆ ಕಾಣುತ್ತದೆ. ದೀಪವನ್ನು ಬಾಡಿಯೊಳಕ್ಕೆ 25 ಮಿ.ಮೀ. ಹಿಂದೆ ಸರಿಸಿ ಕೂರಿಸಿ, ಅಥವಾ ಮೇಲೊಂದು ಅಷ್ಟೇ ಉದ್ದದ ಕಪ್ಪು ಮರೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಬಗ್ಗಿಸಿ ಹಾಕಿ. ಮರೆ ಪಕ್ಕದ ನೋಟವನ್ನು ಕತ್ತರಿಸದಂತೆ ನೋಡಿಕೊಳ್ಳಿ.

ಸೈಲೆನ್ಸರಿನ ಬಾಯಿ ಹಿಂದೆ ಬರುವ ಕಾರಾದರೆ ದೀಪ ಅಲ್ಲಿಂದ ಕನಿಷ್ಠ ಒಂದು ಗೇಣು ದೂರವಿರಲಿ, ನಡುವೆ ತಗಡಿನ ಮರೆಯಿರಲಿ. ಅಕ್ರಿಲಿಕ್ ಲೆನ್ಸು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಪಾಲಿಕಾರ್ಬೊನೇಟ್ 140ರ ತನಕ ತಾಳುತ್ತದೆ. ಓಡುವಾಗ ಗಾಳಿ ತಂಪು ಮಾಡುತ್ತಿರುತ್ತದೆ, ಲೆನ್ಸು ಸೊಟ್ಟಗಾಗುವುದು ಪಿಟ್ಟಿಗೆ ಬಂದು ನಿಂತ ಮೇಲೆ.

ಫೈಬರ್ ಬಾಡಿಗೆ ಸ್ಕ್ರೂ ಹೊಡೆದು ದೀಪ ನಿಲ್ಲಿಸಿದರೆ ನಡುಕಕ್ಕೆ ತೂತು ಅಗಲವಾಗಿ ಸುತ್ತ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಒಳಗಿನಿಂದ 2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ, ಎಂ5 ಬೋಲ್ಟು, ರಬ್ಬರ್ ವಾಷರು, ನೈಲಾಕ್ ನಟ್ಟು (ನಡುಕಕ್ಕೆ ಸಡಿಲವಾಗದಂಥದ್ದು) ಬಳಸಿ. ಲೆನ್ಸಿನ ಹತ್ತಿರ, ಬೋಲ್ಟು ಸಡಿಲವಾಗದಿರಲೆಂದು ಹಚ್ಚುವ ಥ್ರೆಡ್ ಲಾಕ್ ದ್ರವ ಹಾಕಲೇಬೇಡಿ. ಅದು ತಾಗಿದ ಪಾಲಿಕಾರ್ಬೊನೇಟ್ ಮತ್ತು ಎಬಿಎಸ್ ಪ್ಲಾಸ್ಟಿಕ್ ಬಿಗಿದ ಜಾಗದಿಂದಲೇ ಸೀಳುತ್ತಾ ಹೋಗುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ, ಥಿನ್ನರ್, ಪೆಟ್ರೋಲಿಗೂ ಇದೇ ಮಾತು. ಲೆನ್ಸು ಒರೆಸಲು ಸೋಪಿನ ನೀರು ಸಾಕು.

ರೈನ್ ಲೈಟು

ಇರುಂಗಾಟ್ಟುಕೋಟ್ಟೈ ಕಡೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿಯುತ್ತದೆ. ಒದ್ದೆ ಟ್ರ್ಯಾಕಿನಲ್ಲಿ ಮುಂದಿನ ಕಾರಿನ ಚಕ್ರ ಎಬ್ಬಿಸುವ ನೀರಿನ ಹೊಗೆಯೊಳಗೆ ಮಾಮೂಲಿ ಟೈಲ್ ಲೈಟು ಇದ್ದೂ ಇಲ್ಲದಂತೆ. ಅದಕ್ಕೆ ಬೇಕಾದದ್ದು ಎಫ್ ಗುರುತಿನ ಹಿಂದಿನ ಫಾಗ್ ದೀಪ, ಅಥವಾ 21 ವ್ಯಾಟ್ ಬಲ್ಬಿಗೆ ಸಮನಾದ ಕೆಂಪು ಎಲ್‌ಇಡಿ. ಒಂದೇ ಸಾಕು, ಕಾರಿನ ನಟ್ಟನಡುವೆ. ಬ್ರೇಕ್ ಲೈಟಿನಿಂದ 100 ಮಿ.ಮೀ.ಗಿಂತ ಹೆಚ್ಚು ದೂರ ಇರಲೇಬೇಕು. ಹತ್ತಿರವಿದ್ದರೆ ಎರಡೂ ಕಲೆತು ಒಂದೇ ದೀಪದಂತೆ ಕಂಡು, ಬ್ರೇಕ್ ಒತ್ತಿದ್ದು ಹಿಂದಿನವರಿಗೆ ತಿಳಿಯದು. ತಗ್ಗಿನಲ್ಲಿ ನೀರಿನ ಹೊಗೆ ದಟ್ಟವಾಗಿರುವುದರಿಂದ ಹಿಂದಿನ ಚಕ್ರದ ಮಧ್ಯಬಿಂದುವಿಗಿಂತ ಮೇಲೆ ಕೂರಿಸಿ.

ಇದಕ್ಕೆ ಬೇರೆಯೇ ಸ್ವಿಚ್ಚು, ಗ್ಲೌಸು ಹಾಕಿದ ಕೈಗೆ ಸಿಗುವಂಥ ದೊಡ್ಡ ಟಾಗಲ್. ಪಕ್ಕದಲ್ಲೊಂದು ಸಣ್ಣ ಸೂಚಕ ಎಲ್‌ಇಡಿ ಇರಲಿ. ಒಣ ಟ್ರ್ಯಾಕಿನಲ್ಲಿ ಮರೆತು ಉರಿಸಿಕೊಂಡು ಹೋದರೆ ಹಿಂದಿನವರಿಗೆ ಕಿರಿಕಿರಿ, ಬ್ರೇಕ್ ಲೈಟಿಗೂ ಬೆಲೆಯಿಲ್ಲದಂತಾಗುತ್ತದೆ. ಮಿಣುಕಿಸುವ ಸರ್ಕ್ಯೂಟನ್ನು ನೀವೇ ಸೇರಿಸಬೇಡಿ. ಮಿಣುಕುವ ಹಳದಿ, ನೀಲಿ ದೀಪಗಳಂತೂ ಮಾರ್ಷಲ್‌ಗಳ ಮತ್ತು ತುರ್ತು ವಾಹನಗಳ ಸೊತ್ತು.

ಬ್ರೇಕ್ ಸ್ವಿಚ್ಚು: ದೀಪಕ್ಕಿಂತ ಮುಖ್ಯ

ಸ್ಕ್ರೂಟಿನಿಯಲ್ಲಿ ಬ್ರೇಕ್ ಲೈಟು ಉರಿಯದೆ ನಿಂತ ಕಾರುಗಳಲ್ಲಿ ದೀಪ ಕೆಟ್ಟಿರುವುದು ಕಡಿಮೆ, ಸ್ವಿಚ್ಚು ಕೆಟ್ಟಿರುವುದೇ ಹೆಚ್ಚು. ಎರಡು ಬಗೆಗಳಿವೆ. ಒಂದು, ಪೆಡಲಿನ ಬಳಿ ಕೂರುವ ಗುಂಡಿಯ ಸ್ವಿಚ್ಚು. ಮಾರುತಿ ಕಾರುಗಳಲ್ಲಿರುವುದು ಇದೇ. ಪೆಡಲ್ ತನ್ನ ಜಾಗದಲ್ಲಿದ್ದಾಗ ಗುಂಡಿಯನ್ನು ಅದುಮಿ ಹಿಡಿದಿರುತ್ತದೆ, ಪೆಡಲ್ ಇಳಿದ ಕೂಡಲೇ ಗುಂಡಿ ಹೊರಬಂದು ದೀಪ ಹೊತ್ತುತ್ತದೆ. ಇನ್ನೊಂದು, ಬ್ರೇಕ್ ಲೈನಿಗೆ ಸೇರಿಸುವ ಪ್ರೆಷರ್ ಸ್ವಿಚ್ಚು.

ಸ್ವಂತವಾಗಿ ಕಟ್ಟಿದ ಕಾರಿಗೆ ನಮ್ಮ ಓಟು ಪೆಡಲ್ ಸ್ವಿಚ್ಚಿಗೆ. ಪ್ರೆಷರ್ ಸ್ವಿಚ್ಚು ಲೈನಿನಲ್ಲಿ ಒಂದಷ್ಟು ಒತ್ತಡ ಏರಿದ ಮೇಲೆಯೇ ಕೆಲಸ ಮಾಡುತ್ತದೆ. ತಿರುವಿನ ನಡುವೆ ಹಗುರವಾಗಿ ಬ್ರೇಕ್ ಮುಟ್ಟಿದರೆ ದೀಪ ಉರಿಯುವುದೇ ಇಲ್ಲ. ಆಯಿಲ್ ಸೋರಿ ಲೈನಿನಲ್ಲಿ ಒತ್ತಡವೇ ಇಲ್ಲದಾಗಲಂತೂ, ಹಿಂದಿನವರಿಗೆ ಎಚ್ಚರಿಕೆ ಬೇಕಾದ ಆ ಹೊತ್ತಿನಲ್ಲೇ, ದೀಪ ಸುಮ್ಮನಿರುತ್ತದೆ. ಪೆಡಲ್ ಸ್ವಿಚ್ಚಿಗೆ ಇದರ ಗೊಡವೆಯಿಲ್ಲ.

ಪೆಡಲ್ ಸ್ವಿಚ್ಚನ್ನು ಕೂರಿಸುವ ಕ್ರಮ ಹೀಗೆ: ಮೊದಲು ಪೆಡಲಿಗೆ ಗಟ್ಟಿಯಾದ ಹಿಂದೊತ್ತುವ ಸ್ಪ್ರಿಂಗು ಮತ್ತು ನಿಲ್ಲಿಸುವ ತಡೆ ಬೇಕು. ಸ್ವಿಚ್ಚೇ ಪೆಡಲಿಗೆ ತಡೆಯಾಗಬಾರದು, ಅದರ ಪ್ಲಾಸ್ಟಿಕ್ ದಾರ (ಸ್ಕ್ರೂ ಥ್ರೆಡ್) ಕೆಲವೇ ದಿನದಲ್ಲಿ ಕಿತ್ತುಬರುತ್ತದೆ. 3 ಮಿ.ಮೀ. ಉಕ್ಕಿನ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿ. ತೆಳು ತಗಡು ಬಾಗುತ್ತದೆ, ಹೊಂದಾಣಿಕೆ ದಿನಕ್ಕೊಂದು ಥರ ಆಗುತ್ತದೆ. ಇಬ್ಬರು ಸೇರಿ ಹೊಂದಿಸಿ: ಒಬ್ಬರು ಬೆರಳಿನಿಂದ ಪೆಡಲ್ ಒತ್ತಲಿ, ಇನ್ನೊಬ್ಬರು ದೀಪ ನೋಡಲಿ. ಪೆಡಲ್ ಪ್ಯಾಡು 5ರಿಂದ 10 ಮಿ.ಮೀ. ಇಳಿಯುವಷ್ಟರಲ್ಲಿ, ಪ್ಯಾಡುಗಳು ಡಿಸ್ಕ್ ಹಿಡಿಯುವ ಮೊದಲೇ, ದೀಪ ಹೊತ್ತಬೇಕು. ತೀರಾ ಸೂಕ್ಷ್ಮವಾಗಿ ಹೊಂದಿಸಿದರೆ ಕರ್ಬಿನ (ಟ್ರ್ಯಾಕಿನ ಅಂಚಿನ ಉಬ್ಬು) ಮೇಲೆ ಹತ್ತಿದಾಗೆಲ್ಲ ಪೆಡಲ್ ನಡುಗಿ ದೀಪ ಮಿಣುಕುತ್ತದೆ. ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಾಳಿ ಇರುವವರ ಕಾರಿನಲ್ಲಿ ದೀಪ ಆರುವುದೇ ಇಲ್ಲ, ಎರಡು ಸುತ್ತಿನ ಮೇಲೆ ಹಿಂದಿನವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕ್ ಲೈಟಿಗೆ ಜೋಡಿಯಾಗಿ ಒಂದು ಸಣ್ಣ ಎಲ್‌ಇಡಿ ಹಾಕಿದರೆ ಎರಡೂ ರೋಗ ಚಾಲಕರ ಕಣ್ಣಿಗೇ ಬೀಳುತ್ತವೆ.

ಪೆಡಲ್ ಬಾಕ್ಸಿನಲ್ಲಿ ಜಾಗವೇ ಇಲ್ಲ, ಪ್ರೆಷರ್ ಸ್ವಿಚ್ಚೇ ಗತಿ ಎನ್ನುವವರು ದಾರದ ಅಳತೆಯಲ್ಲಿ ಹುಷಾರಾಗಿರಿ. ಮಾರುಕಟ್ಟೆಯಲ್ಲಿ ಎಂ10×1.0 ದಾರದವೂ ಸಿಗುತ್ತವೆ, 1/8 ಇಂಚು ಎನ್‌ಪಿಟಿ (ತುದಿಗೆ ಸಣ್ಣಗಾಗುವ ಪೈಪಿನ ದಾರ) ದಾರದವೂ ಸಿಗುತ್ತವೆ. ಎರಡರ ದಪ್ಪವೂ 10 ಮಿ.ಮೀ. ಆಸುಪಾಸು. ಎನ್‌ಪಿಟಿಯ ಹಲ್ಲಿನ ಅಂತರ 0.94 ಮಿ.ಮೀ., ಇನ್ನೊಂದರದು 1 ಮಿ.ಮೀ. ಕೈಯಲ್ಲಿ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಯಿತೆಂದು ಸ್ಪ್ಯಾನರ್ ಹಾಕಿದರೆ ದಾರ ಕೆಟ್ಟು, ಜೋರಾಗಿ ಬ್ರೇಕ್ ಒತ್ತಿದ ದಿನ ಆಯಿಲ್ ಚಿಮ್ಮುತ್ತದೆ. ಥ್ರೆಡ್ ಗೇಜು ಹಿಡಿದು ನೋಡದೆ ಸೇರಿಸಬೇಡಿ. ಬ್ಯಾಲೆನ್ಸ್ ಬಾರ್ (ಪೆಡಲಿನ ಬಲವನ್ನು ಮುಂದಿನ, ಹಿಂದಿನ ಬ್ರೇಕಿಗೆ ಹಂಚುವ ಸರಳು) ಮತ್ತು ಎರಡು ಮಾಸ್ಟರ್ ಸಿಲಿಂಡರ್ ಇರುವ ಕಾರಿನಲ್ಲಿ ಸ್ವಿಚ್ಚು ಮುಂದಿನ ಲೈನಿಗೆ ಹೋಗಲಿ. ಲೈನಿನ ಅತಿ ಎತ್ತರದ ಜಾಗದಲ್ಲಿ ಟೀ (ಮೂರು ಬಾಯಿಯ ಜೋಡಣೆ) ಹಾಕಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಎಷ್ಟು ಬ್ಲೀಡ್ ಮಾಡಿದರೂ (ಗಾಳಿ ಹೊರಹಾಕಿದರೂ) ಪೆಡಲ್ ಮೆತ್ತಗೇ ಇರುತ್ತದೆ.

ವೈರಿಂಗು

ಬ್ಯಾಟರಿಯ ಪ್ಲಸ್ಸಿನಿಂದ ಮಾಸ್ಟರ್ ಸ್ವಿಚ್ಚು (ಇಡೀ ಕಾರಿನ ಕರೆಂಟು ಕಡಿಯುವ ಕಿಲ್ ಸ್ವಿಚ್), ಅಲ್ಲಿಂದ ಫ್ಯೂಸು, ಫ್ಯೂಸಿನಿಂದ ಬ್ರೇಕ್ ಸ್ವಿಚ್ಚು, ಅಲ್ಲಿಂದ ಎರಡೂ ದೀಪ, ದೀಪದಿಂದ ಅರ್ಥ್. ಇಷ್ಟೇ. ನಡುವೆ ಇಗ್ನಿಷನ್ ಸ್ವಿಚ್ಚನ್ನು ತರಬೇಡಿ. ಎಂಜಿನ್ ಕೈಕೊಟ್ಟು ಇಗ್ನಿಷನ್ ಆರಿಸಿ ಪಕ್ಕಕ್ಕೆ ಉರುಳಿಸಿಕೊಂಡು ಬರುವಾಗಲೂ ಬ್ರೇಕ್ ಲೈಟು ಉರಿಯಬೇಕು. ರೈನ್ ಲೈಟಿಗೆ ಬೇರೆ ಫ್ಯೂಸು. ನೀರು ನುಗ್ಗಿ ಅದು ಶಾರ್ಟ್ ಆದರೆ ಬ್ರೇಕ್ ಲೈಟನ್ನೂ ಜೊತೆಗೆ ಎಳೆದುಕೊಂಡು ಹೋಗಬಾರದು.

ಕರೆಂಟಿನ ಲೆಕ್ಕ ಮಾಡಿ. 21 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ 3.5 ಆಂಪ್ ಎಳೆಯುತ್ತವೆ, ಎಂಜಿನ್ ಓಡುತ್ತಿರುವಾಗ 4ರ ಹತ್ತಿರ. ಇದಕ್ಕೆ 7.5 ಆಂಪ್ ಫ್ಯೂಸು, 1 ಚದರ ಮಿ.ಮೀ. ವೈರು. 3 ವ್ಯಾಟಿನ ಎರಡು ಎಲ್‌ಇಡಿಯಾದರೆ ಅರ್ಧ ಆಂಪು. 3 ಆಂಪ್ ಫ್ಯೂಸು ಸಾಕು. ಕರೆಂಟ್ ಕಡಿಮೆ ಎಂದು ಕೂದಲೆಳೆಯ ವೈರು ಹಾಕಬೇಡಿ, ಎಳೆದಾಟ ತಡೆಯಲೆಂದೇ 0.75 ಚದರ ಮಿ.ಮೀ. ಇರಲಿ. ಬಲ್ಬಿನ ಕಾರಿನಲ್ಲಿ ತೆಳು ವೈರಿನ ಪರಿಣಾಮ ಬೇಗ ಕಾಣುತ್ತದೆ: 0.5 ಚದರ ಮಿ.ಮೀ. ತಾಮ್ರದಲ್ಲಿ ಹೋಗಿಬರುವ 8 ಮೀಟರ್ ದಾರಿಗೆ ಸುಮಾರು 1 ವೋಲ್ಟ್ ಸೋರಿಹೋಗುತ್ತದೆ. ಕೇಳಲು ಅಲ್ಪ, ಆದರೆ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ಆ ಒಂದು ವೋಲ್ಟಿಗೆ ಐದನೇ ಒಂದು ಪಾಲಿಗಿಂತ ಹೆಚ್ಚು ಬೆಳಕು ಹೋಗುತ್ತದೆ. ಬಲ್ಬಿನ ಜೊತೆ ಪ್ರೆಷರ್ ಸ್ವಿಚ್ಚು ಇದ್ದರೆ ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ನಡೆಸುವ ಸ್ವಿಚ್ಚು) ಹಾಕಿ, ಇಲ್ಲವಾದರೆ ಸ್ವಿಚ್ಚಿನ ಒಳಗಿನ ಸಣ್ಣ ಕಾಂಟ್ಯಾಕ್ಟು ಸುಟ್ಟುಹೋಗುತ್ತದೆ. ಎಲ್‌ಇಡಿಗೆ ರಿಲೇ ಬೇಡ. ಕೆಡಲು ಇನ್ನೊಂದು ಸಾಮಾನನ್ನು ಸುಮ್ಮನೆ ಯಾಕೆ ಸೇರಿಸಬೇಕು?

ಆಲ್ಟರ್ನೇಟರ್ ಕಿತ್ತುಹಾಕಿ ಬರೇ ಬ್ಯಾಟರಿಯ ಮೇಲೆ ಓಡುವ ಹಗುರ ಕಾರುಗಳಲ್ಲಿ ಇದು ಇನ್ನೂ ಮುಖ್ಯ. 20 ನಿಮಿಷದ ಒಂದು ಸೆಷನ್ನಿಗೆ 21 ವ್ಯಾಟಿನ ರೈನ್ ಲೈಟು ಸುಮಾರು 0.6 ಆಂಪ್-ಅವರ್ ತಿನ್ನುತ್ತದೆ, 3 ವ್ಯಾಟಿನ ಎಲ್‌ಇಡಿ 0.1ರೊಳಗೆ ಮುಗಿಸುತ್ತದೆ. 7 ಆಂಪ್-ಅವರ್ ಬ್ಯಾಟರಿಯಲ್ಲಿ ಫ್ಯೂಯಲ್ ಪಂಪು, ಇಗ್ನಿಷನ್ನಿಗೆ ಉಳಿಯುವುದೆಷ್ಟು ಎಂದು ನೀವೇ ಕೂಡಿಸಿ ನೋಡಿ.

ಫೈಬರ್ ಬಾಡಿಯಲ್ಲಿ ಎಲ್ಲರೂ ಎಡವುವುದು ಅರ್ಥ್ ವಿಷಯದಲ್ಲಿ. ತಗಡಿನ ಕಾರಿನಲ್ಲಿ ದೀಪ ಬಾಡಿಗೆ ತಾಗಿದರೆ ಅರ್ಥ್ ಸಿಕ್ಕಿತು. ಇಲ್ಲಿ ಪ್ರತಿ ದೀಪಕ್ಕೂ ಬೇರೆ ಅರ್ಥ್ ವೈರು ಎಳೆದು, ಹಿಂಬದಿಯ ಫ್ರೇಮಿನಲ್ಲಿ ಒಂದೇ ಎಂ6 ಬೋಲ್ಟಿಗೆ ತಂದು ಸೇರಿಸಬೇಕು. ಬೋಲ್ಟಿನ ಸುತ್ತ ಪೌಡರ್ ಕೋಟಿಂಗನ್ನು ಹೊಳೆಯುವ ಲೋಹ ಕಾಣುವ ತನಕ ಕೆರೆಯಿರಿ, ಸ್ಟಾರ್ ವಾಷರ್ ಹಾಕಿ ಬಿಗಿಯಿರಿ, ಮೇಲೆ ಗ್ರೀಸು ಸವರಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಉರಿಯುತ್ತಿದೆಯೇ? ಬೇರೇನೂ ಹುಡುಕಬೇಡಿ, ಅರ್ಥ್ ಬಿಟ್ಟಿದೆ. ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಂಡಿದೆ.

ಜೋಡಣೆಗಳನ್ನು ಬೆಸುಗೆ ಹಾಕುವ ಬದಲು ಕ್ರಿಂಪ್ ಮಾಡಿ (ಲೋಹದ ಲಗ್ಗನ್ನು ವೈರಿನ ಮೇಲೆ ಅದುಮಿ). ಬೆಸುಗೆಯ ಸೀಸ ವೈರಿನ ಎಳೆಗಳೊಳಗೆ ಹರಿದು ಒಂದಿಂಚು ಗಟ್ಟಿ ಕಡ್ಡಿಯಂತಾಗುತ್ತದೆ, ಆ ಗಟ್ಟಿ ಮತ್ತು ಮೆತ್ತನೆಯ ಗಡಿಯಲ್ಲೇ ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹಿಂದಿನ ಬಾಡಿ ಕಳಚುವ ಕಾರಾದರೆ ನೀರು ಹೋಗದ ಸೂಪರ್‌ಸೀಲ್ ಮಾದರಿಯ ಕನೆಕ್ಟರು ಒಂದೇ ಜಾಗದಲ್ಲಿ ಇರಲಿ. ವೈರನ್ನು 150ರಿಂದ 200 ಮಿ.ಮೀ.ಗೊಂದು ರಬ್ಬರ್ ಕ್ಲಿಪ್ಪಿನಲ್ಲಿ ಹಿಡಿಸಿ. ಪೆಟ್ರೋಲ್ ಪೈಪಿಗೆ ಕಟ್ಟಬೇಡಿ.

ಆಲ್ಟರ್ನೇಟರ್ ಇರುವ ಕಾರಿನಲ್ಲಿ ಮಾಸ್ಟರ್ ಸ್ವಿಚ್ಚು ಆರು ಪಿನ್ನಿನದೇ ಆಗಿರಲಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಕಡಿದರೆ ಆಲ್ಟರ್ನೇಟರಿನ ವೋಲ್ಟೇಜು ಕ್ಷಣಮಾತ್ರ 40 ದಾಟಿ ಹಾರಬಲ್ಲದು. ಆರು ಪಿನ್ನಿನ ಸ್ವಿಚ್ಚು ಇಗ್ನಿಷನ್ನನ್ನೂ ಕಡಿಯುತ್ತದೆ, ಜೊತೆಗೆ ಬರುವ 3 ಓಮ್ ರೆಸಿಸ್ಟರು ಆ ಹೊಡೆತವನ್ನು ಅರ್ಥಿಗೆ ಇಳಿಸುತ್ತದೆ. ಕಿಲ್ ಸ್ವಿಚ್ ಪರೀಕ್ಷೆಯಾದ ಮೇಲೆ ಎಲ್‌ಇಡಿಗಳು ಸತ್ತವು ಎಂಬ ದೂರಿನ ಹಿಂದಿರುವುದು ಸಾಮಾನ್ಯವಾಗಿ ಈ ರೆಸಿಸ್ಟರ್ ಇಲ್ಲದಿರುವುದೇ.

ಇಂಡಿಕೇಟರು ಮತ್ತು ಮುಂಭಾಗ

ಕೈ ಹೊರಗೆ ಚಾಚಲಾಗದ, ಕಿಟಕಿಗೆ ಬಲೆ ಇರುವ ಕಾರಿಗೆ ಹಿಂದಿನ ಎರಡು ಇಂಡಿಕೇಟರ್ ಉಪಕಾರಿ: ದಾರಿ ಬಿಡುವುದನ್ನು ತೋರಿಸಲು, ಸೆಷನ್ ಮುಗಿಸಿ ನಿಧಾನವಾಗಿ ಒಳಬರುವಾಗ ಹ್ಯಾಜರ್ಡ್ ಹಾಕಲು. ಬೈಕಿನ ಎಲ್‌ಇಡಿ ಇಂಡಿಕೇಟರ್ ಸಾಕು. ಹಳೆಯ ಫ್ಲ್ಯಾಷರ್ ಬಲ್ಬಿನ ಲೋಡಿಗೆ ಮಾಡಿದ್ದು. ಎಲ್‌ಇಡಿಗೆ ಹಾಕಿದರೆ ಒಂದೋ ಪಟಪಟ ಬಡಿಯುತ್ತದೆ, ಇಲ್ಲವೇ ಮಿಣುಕುವುದೇ ಇಲ್ಲ. ಎಲ್‌ಇಡಿಗೆಂದೇ ಇರುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಕೇಳಿ. ನಿಮಿಷಕ್ಕೆ 60ರಿಂದ 120 ಸಲ ಮಿಣುಕಿದರೆ ಸರಿ.

ಮುಂದಕ್ಕೆ ಏನೂ ಇಲ್ಲದಿದ್ದರೂ ನಡೆಯುತ್ತದೆ. ಹೆಡ್‌ಲೈಟಿನ ತೂತಿಗೆ ಜಾಲರಿ ಹಾಕಿ ಅಲ್ಲಿಂದ ಮುಂದಿನ ಬ್ರೇಕಿಗೆ ಗಾಳಿ ಕೊಂಡೊಯ್ಯುವುದು ಆ ಜಾಗದ ಒಳ್ಳೆಯ ಬಳಕೆ. ತಗ್ಗಾದ ಸಣ್ಣ ಕಾರು ಮುಂದಿನವರ ಕನ್ನಡಿಯಲ್ಲಿ ಸುಲಭಕ್ಕೆ ಕಾಣದು ಎಂಬುದು ನಿಜ; ಅದಕ್ಕೆ 5ರಿಂದ 10 ವ್ಯಾಟಿನ ಎರಡು ಬಿಳಿ ಡಿಆರ್‌ಎಲ್ (ಹಗಲಲ್ಲಿ ಉರಿಸುವ ದೀಪ) ಹಾಕಿ, ಅಂಚುಗಳಿಗೆ. ಮುಂದಕ್ಕೆ ಕೆಂಪು ಬೆಳಕು ಯಾವ ಕಾರಣಕ್ಕೂ ಬೇಡ. ಲಾರಿಯವರು ಹಾಕುವ ಲೈಟ್ ಬಾರೂ ಬೇಡ, ಕನ್ನಡಿಯಲ್ಲಿ ಕಣ್ಣು ಕುರುಡಾದವರು ದಾರಿ ಬಿಡುವ ಬದಲು ಗಾಬರಿಗೆ ಅಡ್ಡ ಬರುತ್ತಾರೆ.

ಗಾಜಿನ ಹೆಡ್‌ಲೈಟು ಉಳಿಸಿಕೊಂಡಿದ್ದರೆ ಅದರ ಮೇಲೆ ಪಾರದರ್ಶಕ ಫಿಲ್ಮು ಅಂಟಿಸಿ, ಇಲ್ಲವೇ ಟೇಪಿನಿಂದ ಪೂರ್ತಿ ಮುಚ್ಚಿ. ಕಲ್ಲು ಬಡಿದು ಒಡೆದ ಗಾಜಿನ ಚೂರು ಹಿಂದಿನ ಕಾರುಗಳ ಸ್ಲಿಕ್ (ಗೀರಿಲ್ಲದ ರೇಸಿನ) ಟಯರಿಗೆ ಕಾದಿರುತ್ತದೆ. ಟೇಪ್ ಹಚ್ಚಿದರೆ ಎಚ್4 ಬಲ್ಬಿನ ಕನೆಕ್ಟರ್ ಕಿತ್ತಿಡಿ. ಮುಚ್ಚಿದ ಗಾಜಿನ ಹಿಂದೆ 55 ವ್ಯಾಟಿನ ಬಲ್ಬು ಅಕಸ್ಮಾತ್ ಉರಿದರೆ ಟೇಪಿನ ಗೋಂದು ಗಾಜಿಗೆ ಬೇಯುತ್ತದೆ.

ಟ್ರೈಲರಿಗೆ ಏರಿಸುವ ಮೊದಲು

ಹಿಂದಿನ ದಿನ ಅಲ್ಲ, ಕನಿಷ್ಠ ಒಂದು ವಾರ ಮೊದಲು, ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಕಾರನ್ನು ಹೊರಗೆ ತಳ್ಳಿ. 50 ಮೀಟರ್ ಹಿಂದೆ ನಿಂತವರು ಬ್ರೇಕ್ ಲೈಟು ಹೊತ್ತಿದ್ದು, ಆರಿದ್ದು ಎರಡನ್ನೂ ತಪ್ಪಿಲ್ಲದೆ ಹೇಳಬೇಕು. ನೇರ ಹಿಂದಿನಿಂದಲೂ, ಎರಡೂ ಪಕ್ಕದ 45 ಡಿಗ್ರಿಯಿಂದಲೂ ನೋಡಿ. ನಂತರ ಎಂಜಿನ್ ಓಡಿಸಿ, ಬ್ರೇಕ್ ಒತ್ತಿ ಹಿಡಿದು ಮಲ್ಟಿಮೀಟರಿನಲ್ಲಿ ಎರಡು ಅಳತೆ ತೆಗೆದುಕೊಳ್ಳಿ: ಬ್ಯಾಟರಿ ಪ್ಲಸ್ಸಿನಿಂದ ದೀಪದ ಪ್ಲಸ್ಸಿಗೆ, ದೀಪದ ಅರ್ಥಿನಿಂದ ಬ್ಯಾಟರಿ ಮೈನಸ್ಸಿಗೆ. ಯಾವುದೂ 0.3 ವೋಲ್ಟ್ ದಾಟಬಾರದು. ದಾಟಿದರೆ ಆ ಕಡೆಯ ಜೋಡಣೆಗಳನ್ನು ಒಂದೊಂದಾಗಿ ಹುಡುಕಿ. ದೀಪ ಉರಿಯುತ್ತಿರುವಾಗಲೇ ಪ್ರತಿ ಕನೆಕ್ಟರನ್ನೂ ಹಿಡಿದು ಅಲ್ಲಾಡಿಸಿ, ಹಿಂಬದಿಯ ಫ್ರೇಮಿಗೆ ರಬ್ಬರ್ ಸುತ್ತಿಗೆಯಿಂದ ನಾಲ್ಕು ಬಡಿಯಿರಿ. ಆಮೇಲೆ ಐದು ನಿಮಿಷ ಪೈಪಿನಿಂದ ನೀರು ಬಿಡಿ, ಅರ್ಧ ಗಂಟೆ ಕಾದು ಲೆನ್ಸಿನೊಳಗೆ ಮಂಜು ಕಟ್ಟಿದೆಯೇ ನೋಡಿ.

ಟ್ರೈಲರಿನಲ್ಲಿ ಚೆನ್ನೈವರೆಗೆ 300 ಕಿ.ಮೀ.ಗೂ ಮಿಕ್ಕಿ ಅಲುಗಾಡಿಕೊಂಡು ಹೋದ ಕಾರನ್ನು ಇಳಿಸಿದ ಕೂಡಲೇ ಬ್ರೇಕ್ ಲೈಟು, ರೈನ್ ಲೈಟು ಮತ್ತೆ ನೋಡಿ. ಸ್ಕ್ರೂಟಿನಿಯ ಸಾಲಿನಲ್ಲಿ ನಿಂತಮೇಲೆ ಬಿಚ್ಚಲು ಹೊತ್ತಿರುವುದಿಲ್ಲ. ಡಬ್ಬಿಯಲ್ಲಿ ಜೊತೆಗಿರಲಿ: ಗ್ರಾಮೆಟ್ ಸಮೇತ ಒಂದು ಹೆಚ್ಚುವರಿ ದೀಪ, ಒಂದು ಬ್ರೇಕ್ ಸ್ವಿಚ್ಚು, ಬಳಸಿದ ಅಳತೆಯ ಐದಾರು ಫ್ಯೂಸು, ಎರಡು ಮೀಟರ್ ವೈರು, ಕ್ರಿಂಪ್ ಲಗ್ಗುಗಳು, ಟೆಸ್ಟ್ ಲ್ಯಾಂಪು. ಪ್ರತಿ ಸೆಷನ್ನಿಗೆ ಹೊರಡುವ ಮುನ್ನ ಪಿಟ್ಟಿನಲ್ಲಿರುವವರೊಬ್ಬರು ಕಾರಿನ ಹಿಂದೆ ನಿಂತು ಬ್ರೇಕ್ ಒತ್ತಿಸಿ ನೋಡಿ, ಕೈ ಎತ್ತಿದ ಮೇಲೆಯೇ ಗೇರು ಬೀಳಲಿ.